ಗಣಪನ ಕೈಗಾಡಿ ಮತ್ತು ನಾವಿಬ್ಬರು

ಲಂಡನ್ನಿನ ರಸ್ತೆಗೆ ಹದಿನೆಂಟು ಹದಿಹರೆಯದ ಮಕ್ಕಳನ್ನೂ ಒಂದು ಮರದ ಕೈಗಾಡಿಯನ್ನೂ ಒಟ್ಟಿಗೆ ಬಿಟ್ಟರೆ ಏನಾದರೊಂದು ಆಗದೆ ಇರುವುದಿಲ್ಲ. ಆರು ವರ್ಷದಿಂದ ನೋಡುತ್ತಿದ್ದೇನೆ. ಸುಮ್ಮನೆ ಹೊರಟು ಸುಮ್ಮನೆ ತಲುಪಿದ ವರ್ಷ ಒಂದೂ ಇಲ್ಲ.

ಮೊದಲು ನಮ್ಮಿಬ್ಬರ ವಿಷಯ ಹೇಳಿಬಿಡುತ್ತೇನೆ. ನಾನು ಧಾರವಾಡದವಳು, ಇಲ್ಲಿನ ಪ್ರೈಮರಿ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಊಟ ಬಡಿಸಿದವಳು. ಮಕ್ಕಳು ನನಗೆ ಹೆದರುತ್ತಾರೆ, ಮಕ್ಕಳ ಅಪ್ಪಂದಿರೂ ಹೆದರುತ್ತಾರೆ. ನಮ್ಮ ಮನೆಯವರು ಮೈಸೂರಿನವರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದರು. ಮೂವತ್ತು ವರ್ಷ ಜನರನ್ನು ಮಲಗಿಸುವುದೇ ಅವರ ವೃತ್ತಿ. ನಿವೃತ್ತರಾದ ಮೇಲೆ ಸೂಜಿ ಬಿಟ್ಟು ಭಾಷಣ ಹಿಡಿದರು. ಕೆಲಸ ಮಾತ್ರ ಅದೇ.

ಇಂಥ ನಮ್ಮಿಬ್ಬರನ್ನು ಇಲ್ಲಿಯ ಕನ್ನಡ ಸಂಘದವರು ‘ಯಾತ್ರಾ ದಂಪತಿ’ ಅಂತ ಮಾಡಿದರು. ಎದೆಗೆ ಚುಚ್ಚಿಕೊಳ್ಳಲು ಒಂದೊಂದು ಬ್ಯಾಡ್ಜ್ ಕೂಡ ಕೊಟ್ಟರು. ಕೆಲಸ ಇಷ್ಟೇ: ಪ್ರತಿ ವರ್ಷ ಗಣೇಶನ ಹಬ್ಬದ ಹಿಂದುಮುಂದಿನ ಒಂದು ಶನಿವಾರ ಸಂಘದ ಮಕ್ಕಳನ್ನು ಸೇರಿಸಿ, ರೇನರ್ಸ್ ಲೇನಿನಿಂದ ಕ್ವೀನ್ಸ್‌ಬರಿಯ ಹಾಲ್‌ವರೆಗೆ ಕೈಗಾಡಿ ಎಳೆಸಿಕೊಂಡು ಹೋಗುವುದು.

ಯಾಕೆ ಎಳೆಯಬೇಕು ಅಂದರೆ, ಅದಕ್ಕೊಂದು ಇತಿಹಾಸ ಇದೆ. ಎಪ್ಪತ್ತರ ದಶಕದಲ್ಲಿ ಈ ಕಡೆ ಮೂರೇ ಮೂರು ಕನ್ನಡದ ಡಾಕ್ಟರರ ಮನೆಗಳಿದ್ದವಂತೆ. ಮೊದಲ ಸಲ ಗಣೇಶನ ಹಬ್ಬವನ್ನು ಒಟ್ಟಿಗೆ ಮಾಡೋಣ ಅಂತ ಕ್ವೀನ್ಸ್‌ಬರಿಯಲ್ಲಿ ಹಾಲ್ ಹಿಡಿದರಂತೆ. ಯಾರ ಹತ್ತಿರವೂ ಕಾರಿಲ್ಲ. ಮೂವರು ಡಾಕ್ಟರರು ಗಣಪನನ್ನೂ ಅಡುಗೆಯನ್ನೂ ಕೈಗಾಡಿಗೆ ಏರಿಸಿ, ಮೊಣಕಾಲುದ್ದ ಹಿಮದಲ್ಲಿ ಎಳೆದುಕೊಂಡು ಹೋದರಂತೆ. ಅವರ ಫೋಟೊ ಹಾಲಿನ ಗೋಡೆಯ ಮೇಲೆ ಈಗಲೂ ಇದೆ. ಮೂವರೂ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾರೆ, ಪಕ್ಕದಲ್ಲಿ ಬೆಡ್‌ಶೀಟ್ ಹೊದಿಸಿದ ಗಾಡಿ. ಅದೇ ಗಾಡಿ ಹೊಸ ಚಕ್ರ ಹಾಕಿಸಿಕೊಂಡು ಈಗ ನಮ್ಮ ಗ್ಯಾರೇಜಿನಲ್ಲಿ ಕೂತಿದೆ.

ನಮ್ಮ ಮನೆಯವರಿಗೆ ಈ ಕತೆ ಅಂದರೆ ಪ್ರಾಣ. ಆ ಹಿರಿಯರು ಹೇಗೆ ನಡೆದರೋ ಹಾಗೇ ನಡೆಯಬೇಕು ಅನ್ನುವುದು ಅವರ ಒಂದೇ ನಿಯಮ. ಮಗು ಹೆಡ್‌ಫೋನ್ ಹಾಕಿಕೊಂಡರೆ, “ಇತಿಹಾಸದಲ್ಲಿ ಇರಲಿಲ್ಲ!” ಚಿಪ್ಸ್ ಪ್ಯಾಕೆಟ್ ಬಿಚ್ಚಿದರೆ, “ಇತಿಹಾಸದಲ್ಲಿ ಇರಲಿಲ್ಲ!” ಒಮ್ಮೆ ನಾನು ಮಂಡಿಗೆ ಬ್ಯಾಂಡೇಜ್ ಪಟ್ಟಿ ಹಾಕಿಕೊಂಡಿದ್ದಕ್ಕೂ ಅದನ್ನೇ ಹೇಳಿದರು. “ಈ ಮಂಡಿನೂ ಆಗ ಇರಲಿಲ್ರೀ,” ಅಂದೆ.

ಒಂದು ವರ್ಷ ಕನ್ನಡಕದ ಒಬ್ಬ ಹುಡುಗಿ ಕೈಯೆತ್ತಿ ಕೇಳಿದಳು. “ಅಂಕಲ್, ಗಣೇಶ ಚತುರ್ಥಿ ಈಸ್ ಇನ್ ಸೆಪ್ಟೆಂಬರ್. ಹಿಮ ಎಲ್ಲಿಂದ ಬಂತು?”

ಐವತ್ತು ವರ್ಷ ಈ ಕತೆ ಕೇಳಿದ ದೊಡ್ಡವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ನಮ್ಮವರು, “ಆಗಿನ ಹವಾಮಾನವೇ ಬೇರೆ ಕಣಮ್ಮಾ,” ಅಂದುಬಿಟ್ಟರು.

ಇದೆಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಈ ವರ್ಷ ಜುಲೈಯಲ್ಲಿ ಸಂಘದ ಅಧ್ಯಕ್ಷರು ಮನೆಗೆ ಬಂದರು. ಬೆಂಗಳೂರಿನವರು, ಐಟಿಯವರು, ನಮ್ಮ ಮಗನ ವಯಸ್ಸು. ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು. “ಅಂಕಲ್, ಬೇಜಾರ್ ಮಾಡ್ಕೋಬೇಡಿ. ಮಕ್ಕಳಿಗೆ ಈ ಗಾಡಿಲಿ ಇಂಟರೆಸ್ಟ್ ಇಲ್ಲ. ಇದೇ ಲಾಸ್ಟ್. ಮುಂದಿನ ವರ್ಷದಿಂದ ಬೌಲಿಂಗ್‌ಗೆ ಕರ್ಕೊಂಡು ಹೋಗೋಣ.”

“ಮಕ್ಕಳೇ ಬೇಕು ಅಂದರೆ?” ಅಂತ ನಮ್ಮವರು ಕೇಳಿದರು.

“ಅವರಾಗೇ ಕೈ ಎತ್ತಿ ಕೇಳಿದ್ರೆ ಓಕೆ ಅಂಕಲ್. ಆದ್ರೆ ಕೇಳಲ್ಲ.”

ಅವತ್ತು ನಮ್ಮವರು ಅರ್ಧ ಊಟಕ್ಕೇ ಎದ್ದು ಗ್ಯಾರೇಜಿಗೆ ಹೋಗಿ ಗಾಡಿಯ ಚಕ್ರಕ್ಕೆ ಎಣ್ಣೆ ಹಾಕುತ್ತ ಕೂತರು. ಎಷ್ಟು ರೇಗಿಸಿದರೂ ಗಂಡನಲ್ಲವೇ, ತಟ್ಟೆಯನ್ನು ಗ್ಯಾರೇಜಿಗೇ ಒಯ್ದು ಕೊಟ್ಟೆ. ಅಧ್ಯಕ್ಷರ ಮೇಲೆ ಕೋಪವೂ ಬಂತು. ಆದರೆ ಅವರಿಗೆ ಈ ಗಾಡಿಯ ಮೇಲೆ ಮುನಿಸು ಬರಲು ಕಾರಣ ಇತ್ತು. ಆ ಕಾರಣದಲ್ಲಿ ನನ್ನದೂ ಸ್ವಲ್ಪ ಪಾಲಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

*

ಒಂದು ದಿನದ ಅಪ್ಪ ಅಮ್ಮ

ಇದು ನಮ್ಮ ಮೊದಲನೇ ವರ್ಷದ್ದು. ಮಕ್ಕಳನ್ನು ಎರಡು ‘ಮನೆ’ಗಳಾಗಿ ಮಾಡಿ, ಒಂದೊಂದು ಮನೆಗೆ ಹದಿನೇಳು ವರ್ಷದ ಒಬ್ಬ ಹುಡುಗನನ್ನು ಅಪ್ಪನಾಗಿಯೂ ಒಬ್ಬ ಹುಡುಗಿಯನ್ನು ಅಮ್ಮನಾಗಿಯೂ ನೇಮಿಸಿದೆವು. ಉಳಿದವರು ಅವರ ಮಕ್ಕಳು. ನಮ್ಮವರು ಗಟ್ಟಿಯಾಗಿ ಅಪ್ಪಣೆ ಕೊಟ್ಟರು. “ಆ ಕಾಲದ ಅಪ್ಪ ಅಮ್ಮ ಹೇಗಿದ್ದರೋ ಇವತ್ತು ನೀವೂ ಹಾಗೇ ಇರಬೇಕು.”

ಮೊದಲು ಎಲ್ಲರೂ ನಾಚಿಕೊಂಡು ಕಿಸಿಕಿಸಿ ನಗುತ್ತಿದ್ದರು. ಹ್ಯಾರೋ ದಾಟುವಷ್ಟರಲ್ಲಿ ಪಾತ್ರ ಮೈಯಲ್ಲಿ ಸೇರಿಕೊಂಡುಬಿಟ್ಟಿತು. ಇಬ್ಬರು ಅಪ್ಪಂದಿರೂ ಕೈ ಹಿಂದಕ್ಕೆ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ನಡೆಯುತ್ತ, ದಾರಿಯ ಮನೆಗಳನ್ನು ನೋಡಿ “ಈ ಎಕ್ಸ್‌ಟೆನ್ಷನ್‌ಗೆ ಕೌನ್ಸಿಲ್ ಪರ್ಮಿಷನ್ ಕೊಟ್ಟಿರಲ್ಲ” ಅಂತ ಮಾತಾಡಿಕೊಳ್ಳುತ್ತಿದ್ದರು. ಇಬ್ಬರು ಅಮ್ಮಂದಿರೂ ಗಾಡಿ ತಳ್ಳುತ್ತ, ಎಲ್ಲರ ಜಾಕೆಟ್ ಹೊತ್ತು, ನೀರು ಕೊಟ್ಟು, ಚಕ್ಕುಲಿ ಹಂಚಿ, ತಾವು ಮಾತ್ರ ಏನೂ ತಿನ್ನದೆ ಬರುತ್ತಿದ್ದರು. ಸಣ್ಣವನೊಬ್ಬ ಓಡಿಹೋಗಿ, “ಅಪ್ಪಾ, ಇನ್ನೂ ಎಷ್ಟು ದೂರ?” ಅಂತ ಕೇಳಿದ. ಅಪ್ಪ ತಿರುಗಿಯೂ ನೋಡದೆ, “ಆಸ್ಕ್ ಯುವರ್ ಮದರ್,” ಅಂದ.

ನಮ್ಮ ಮನೆಯವರಿಗೆ ಆನಂದವೋ ಆನಂದ. “ನೋಡಿದ್ಯೇನೇ! ಎಷ್ಟು ಸಹಜವಾಗಿ ಮಾಡ್ತಾ ಇದಾರೆ! ಇದನ್ನೆಲ್ಲ ಇವರಿಗೆ ಯಾರು ಕಲಿಸಿದ್ರು?”

ಈ ಪ್ರಶ್ನೆಯನ್ನು ಅವರು ನನಗಿಂತ ಹತ್ತು ಹೆಜ್ಜೆ ಮುಂದೆ, ಕೈ ಹಿಂದಕ್ಕೆ ಕಟ್ಟಿಕೊಂಡು, ತಿರುಗಿ ನೋಡದೆ ಕೇಳಿದರು. ನನ್ನ ಒಂದು ಕೈಯಲ್ಲಿ ಅವರ ಕೋಟಿತ್ತು, ಇನ್ನೊಂದು ಕೈಯಲ್ಲಿ ಅವರ ಫ್ಲಾಸ್ಕ್, ಕಂಕುಳಲ್ಲಿ ಅವರ ಛತ್ರಿ.

“ಗೊತ್ತಿಲ್ರೀ,” ಅಂದೆ.

*

ಗಾಡಿಗೆ ಬಂದ ಹಾಸಿಗೆ

ಮುಂದಿನ ವರ್ಷ ಕೆಂಟನ್ನಿನ ಒಂದು ಬೀದಿಯಲ್ಲಿ ಹೋಗುತ್ತಿದ್ದೆವು. ನಾನು ಹಿಂದೆ ಉಳಿದು ಕಾಲು ಉಳುಕಿಸಿಕೊಂಡ ಹುಡುಗಿಯೊಬ್ಬಳನ್ನು ನಡೆಸಿಕೊಂಡು ಬರುತ್ತಿದ್ದೆ. ನಮ್ಮವರು ಎಲ್ಲರಿಗಿಂತ ಮುಂದೆ, ಯಾರೂ ಕೇಳದ ಭಾಷಣ ಮಾಡುತ್ತ ಹೋಗುತ್ತಿದ್ದರು. ಮಧ್ಯದಲ್ಲಿ ಗಾಡಿ.

ಒಂದು ಮನೆಯಿಂದ ಡ್ರೆಸ್ಸಿಂಗ್ ಗೌನ್ ತೊಟ್ಟ ಇಂಗ್ಲಿಷ್ ಮುದುಕಿಯೊಬ್ಬರು ಹೊರಬಂದು, “ಹಳೇ ಸಾಮಾನು ಒಯ್ಯುವವರಾ ಮಕ್ಕಳೇ?” ಅಂತ ಕೇಳಿದರಂತೆ. ನಮ್ಮ ಮಕ್ಕಳು ಇಂಗ್ಲೆಂಡಿನಲ್ಲಿ ಹುಟ್ಟಿದವರು. ಮನೆಯಲ್ಲಿ ತಾಯಿಗೆ ದಿನಕ್ಕೆ ನೂರು ಸಲ ಬೇಡ ಅನ್ನುತ್ತಾರೆ, ಹೊರಗಿನವರಿಗೆ ಒಂದು ಸಲವೂ ಅನ್ನಲಾರರು. ಆ ಮುದುಕಿ ಹುಲ್ಲು ಕತ್ತರಿಸುವ ಹಳೆಯ ಮೆಷಿನ್ ತಂದು ಗಾಡಿಗೆ ಹಾಕಿದರು. ಮಕ್ಕಳು ಥ್ಯಾಂಕ್ಯೂ ಅಂದರು. ಎದುರುಮನೆಯವರು ಇಸ್ತ್ರಿ ಮಾಡುವ ಮುರುಕು ಮಣೆ ತಂದರು. ಮಕ್ಕಳು ಥ್ಯಾಂಕ್ಯೂ ವೆರಿ ಮಚ್ ಅಂದರು. ಅದರಾಚೆ ಮನೆಯ ಗುಜರಾತಿ ತಾಯಿ ಗಾಡಿಯಲ್ಲಿ ಗಣಪನನ್ನು ನೋಡಿ, ಚಪ್ಪಲಿ ಬಿಟ್ಟು ಭಕ್ತಿಯಿಂದ ಕೈಮುಗಿದು, ಒಳಗೆ ಹೋಗಿ ಹಾಸಿಗೆಯೊಂದನ್ನು ಎಳೆದು ತಂದು ಅವನ ಬೆನ್ನಿಗೆ ಒರಗಿಸಿದರು.

ಹಾಲಿನ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಸಂಘದವರೆಲ್ಲ ಕಾಯುತ್ತಿದ್ದರು. ನಮ್ಮವರು ಗತ್ತಿನಿಂದ ತಿರುಗಿ ಗಾಡಿಯತ್ತ ಕೈ ತೋರಿಸಿದರು. ಗಣಪ ಹಾಸಿಗೆಗೆ ಒರಗಿ ಆರಾಮಾಗಿ ಕೂತಿದ್ದ. ಕಾಲ ಹತ್ತಿರ, ಇಲಿ ಇರಬೇಕಾದ ಜಾಗದಲ್ಲಿ, ಹುಲ್ಲು ಕತ್ತರಿಸುವ ಮೆಷಿನ್ನು.

“ಏನಿದು! ಇದೆಲ್ಲ ಇತಿಹಾಸದಲ್ಲಿ ಇರಲಿಲ್ಲ!” ಅಂತ ನಮ್ಮವರು ಕೂಗಿದರು. ಕೂಗಿದ ಮೇಲೆ ಮೆಷಿನ್ನಿನ ಹತ್ತಿರ ಬಗ್ಗಿ, ಅದರ ಹಗ್ಗ ಒಮ್ಮೆ ಎಳೆದು, ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು. “ಸ್ವಲ್ಪ ರಿಪೇರಿ ಮಾಡಿದ್ರೆ ಓಡುತ್ತೆ ಕಣೇ.”

ನಾಲ್ಕು ವರ್ಷದಿಂದ ನಮ್ಮ ಶೆಡ್ಡಿನಲ್ಲಿದೆ. ಓಡಿಲ್ಲ, ಹೊರಗೂ ಹೋಗಿಲ್ಲ.

*

ಸ್ಟ್ರಾಟ್‌ಫರ್ಡಿಗೆ ಹೋದ ಮಕ್ಕಳು

ಈಗ ಅಧ್ಯಕ್ಷರ ಮುನಿಸಿನ ಕತೆ.

ಫೋನು ಇತಿಹಾಸದಲ್ಲಿ ಇರಲಿಲ್ಲವಲ್ಲ, ಹಾಗಾಗಿ ಹೊರಡುವ ಮುಂಚೆ ಮಕ್ಕಳ ಫೋನುಗಳನ್ನೆಲ್ಲ ಒಂದು ದೊಡ್ಡ ಸ್ಟೀಲ್ ಡಬ್ಬಿಗೆ ಹಾಕಿಸಿಕೊಂಡು ಮುಚ್ಚಳ ಹಾಕುತ್ತೇವೆ. ಆ ಡಬ್ಬಿ ನನ್ನ ಮದುವೆಯದು. ಅಂಥವು ಎರಡಿವೆ, ಒಂದೇ ಅಳತೆ, ಎರಡರ ಮೇಲೂ ನಮ್ಮ ಅಪ್ಪನ ಹೆಸರು ಕೊರೆಸಿದೆ.

ಎರಡು ವರ್ಷದ ಹಿಂದೆ ಯಾತ್ರೆಯ ದಿನವೇ ಅಧ್ಯಕ್ಷರಿಗೆ ಲಂಡನ್ನಿನ ಇನ್ನೊಂದು ತುದಿಯ ಸ್ಟ್ರಾಟ್‌ಫರ್ಡಿನ ಪಾರ್ಕಿನಲ್ಲಿ ಹೆಂಡತಿಯ ತವರಿನವರ ಜೊತೆ ಪಿಕ್‌ನಿಕ್ ಇತ್ತು. “ಆಂಟಿ, ನಿಮ್ಮ ಚಿತ್ರಾನ್ನ ತಗೊಂಡು ಹೋದ್ರೆ ಮಾವನ ಹತ್ರ ನನಗೊಂದು ಬೆಲೆ ಬರುತ್ತೆ,” ಅಂದಿದ್ದರು. ಮಾಡಿ ಎರಡನೇ ಡಬ್ಬಿ ತುಂಬಿ ಮೇಜಿನ ಮೇಲೆ ಇಟ್ಟಿದ್ದೆ. ಪಕ್ಕದಲ್ಲಿ ಫೋನಿನ ಡಬ್ಬಿಯೂ ಇತ್ತು. ಅಧ್ಯಕ್ಷರು ಹಸಿರು ಬಾವುಟ ಬೀಸಿ, ಡಬ್ಬಿ ಎತ್ತಿಕೊಂಡು ಹೊರಟರು. ನಾವೂ ಹೊರಟೆವು.

ಒಂದು ಗಂಟೆ ಕಳೆದಿರಬೇಕು. ಅವಸರಕ್ಕೆ ಇರಲಿ ಅಂತ ಸೆರಗಿನಲ್ಲಿ ಕಟ್ಟಿಕೊಂಡಿದ್ದ ನನ್ನ ಫೋನು ಹೊಡೆದುಕೊಂಡಿತು. ಒಬ್ಬ ತಾಯಿ. “ಆಂಟಿ, ಎಲ್ಲಿದೀರಾ?”

“ಕೆಂಟನ್ ಹತ್ರ ಅದೀವಿ.”

“ನನ್ನ ಮಗಳು ಸ್ಟ್ರಾಟ್‌ಫರ್ಡಲ್ಲಿದಾಳೆ ಅಂತ ಫೋನ್ ಟ್ರ್ಯಾಕರ್ ತೋರಿಸ್ತಿದೆ!”

ಅದನ್ನು ಇಡುವಷ್ಟರಲ್ಲಿ ಇನ್ನೊಬ್ಬ ತಾಯಿ. “ಆಂಟಿ, ಹದಿನೆಂಟು ಮಕ್ಕಳೂ ಒಂದೇ ಮರದ ಕೆಳಗೆ ಕೂತಿದಾರೆ! ಅಲ್ಲಾಡ್ತಾ ಇಲ್ಲ!” ಆಮೇಲೆ ಒಬ್ಬ ತಂದೆ. “ಹೇಗೂ ಸ್ಟ್ರಾಟ್‌ಫರ್ಡಿಗೆ ಹೋಗಿದೀರಲ್ಲ, ಅಲ್ಲಿ ಶೂ ಸೇಲ್ ಇದೆಯಂತೆ, ಮಗನಿಗೆ ಸ್ವಲ್ಪ ನೋಡೋಕೆ ಹೇಳಿ.”

ನಾನು ಮಕ್ಕಳನ್ನು ಎಣಿಸಿದೆ. ಹದಿನೆಂಟೂ ನನ್ನ ಎದುರಿಗೇ ಇದ್ದರು. ಡಬ್ಬಿ ತೆಗೆದೆ. ಚಿತ್ರಾನ್ನ.

ಅತ್ತ ಸ್ಟ್ರಾಟ್‌ಫರ್ಡಿನಲ್ಲಿ ಮಾವನ ಮುಂದೆ ತಟ್ಟೆ ಇಟ್ಟು, ಉಪ್ಪಿನಕಾಯಿ ಬಡಿಸಿ, “ನಮ್ಮ ಆಂಟಿ ಕೈರುಚಿ ನೋಡಿ ಮಾವಾ” ಅಂತ ಅಧ್ಯಕ್ಷರು ಮುಚ್ಚಳ ತೆಗೆದಿದ್ದಾರೆ. ಗಾಬರಿಯಾದ ಅಪ್ಪ ಅಮ್ಮಂದಿರ ಕರೆಗೆ ಒಳಗಿದ್ದ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಅದೇ ಹೊತ್ತಿಗೆ ಪೊಲೀಸಿನವನೊಬ್ಬ ಅಲ್ಲಿ ಹಾದುಹೋಗಬೇಕೇ? ನಿಂತು, ಡಬ್ಬಿ ನೋಡಿ, “ಇವೆಲ್ಲ ನಿಮ್ಮವಾ ಸರ್?” ಅಂತ ಕೇಳಿದ. ಅಧ್ಯಕ್ಷರು ಸತ್ಯವಂತರು. “ಅಲ್ಲ,” ಅಂದರು.

ಐದು ನಿಮಿಷದಲ್ಲಿ ಪೊಲೀಸಿನವನೇ ನನಗೆ ಫೋನ್ ಮಾಡಿದ. ಶಾಲೆಯಲ್ಲಿ ಊಟ ಬಡಿಸುವಾಗಿನ ದನಿಯಲ್ಲಿ ಎಲ್ಲ ಬಿಡಿಸಿ ಹೇಳಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡು, “ಅಂದರೆ ಈ ಡಬ್ಬಿಯಲ್ಲಿ ಅರಿಶಿನ ಹಾಕಿದ ಅನ್ನ ಇರಬೇಕಿತ್ತು. ಆ ಅನ್ನ ನಿಮ್ಮ ಹತ್ತಿರ ಇದೆ, ಅಲ್ಲವೇ ಮೇಡಂ?” ಅಂದ.

ನಾನು ತಿರುಗಿ ನೋಡಿದೆ. ಹದಿನೆಂಟು ಮಕ್ಕಳು ಡಬ್ಬಿಯ ಸುತ್ತ ಕೂತು ಬೆರಳು ನೆಕ್ಕುತ್ತಿದ್ದರು.

“ಇತ್ತು,” ಅಂದೆ.

*

ಹಿಮ ಕರಗಿದ ದಿನ

ಈ ವರ್ಷ ಕೊನೆಯದು ಅಂತ ಆಗಿತ್ತಲ್ಲ, ಮೊದಲ ಮೂವರು ಡಾಕ್ಟರರಲ್ಲಿ ಒಬ್ಬರ ಹೆಂಡತಿಯನ್ನು ಅತಿಥಿಯಾಗಿ ಕರೆದೆವು. ಎಂಬತ್ತಾರು ವರ್ಷ, ಮೈಸೂರಿನ ಅಜ್ಜಿ, ವ್ಹೀಲ್‌ಚೇರಿನಲ್ಲಿ ರಾಣಿಯಂತೆ ಬಂದರು. ಅವರ ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹಿಮದ ಕತೆಯನ್ನು ಎಲ್ಲರಿಗೂ ಹೇಳಿದವರು ಆ ಯಜಮಾನರೇ.

ಹಳೆಯ ಎಡವಟ್ಟು ಮತ್ತೆ ಆಗಬಾರದು ಅಂತ ಈ ಸಲ ಫೋನಿನ ಡಬ್ಬಿಯನ್ನು ನಾನೇ ಹಿಡಿದುಕೊಂಡಿದ್ದೆ. ಅಧ್ಯಕ್ಷರ ಫೋನನ್ನೂ ಅದಕ್ಕೇ ಹಾಕಿಸಿಕೊಂಡಿದ್ದೆ. ಅವರು ಕೈಯಲ್ಲಿ ಕಾಗದ ಹಿಡಿದು, ಮಕ್ಕಳು ಎಷ್ಟು ಸಲ ಆಕಳಿಸುತ್ತಾರೆ ಅಂತ ಗೀಟು ಹಾಕುತ್ತ ಬಂದರು. ಕಾಗದ ತುಂಬುತ್ತಿತ್ತು.

ಕೆಂಟನ್ನಿನ ದೊಡ್ಡ ಕ್ರಾಸಿಂಗಿನಲ್ಲಿ ನಿಂತು ನಮ್ಮವರು ಕೊನೆಯ ಸಲದ ಭಾಷಣ ಶುರುಮಾಡಿದರು. “ಇದೇ ಜಾಗದಲ್ಲಿ, ಮಕ್ಕಳೇ, ಮೊಣಕಾಲುದ್ದ ಹಿಮ...”

“ಯಾವ ಹಿಮನಪ್ಪಾ?” ಅಂದರು ಅಜ್ಜಿ.

ಎಲ್ಲರೂ ತಿರುಗಿದರು.

“ಅವತ್ತು ಎಂಥಾ ಸೆಕೆ! ನಾನು ಕಾರ್ಡಿಗನ್ ಬಿಚ್ಚಿ ಕೈಲಿ ಹಿಡ್ಕೊಂಡಿದ್ದೆ.”

“ಐ ನ್ಯೂ ಇಟ್!” ಅಂತ ಕನ್ನಡಕದ ಹುಡುಗಿ ಕುಣಿದಳು.

ಅಜ್ಜಿ ಕ್ರಾಸಿಂಗಿನತ್ತ ಕೈ ತೋರಿಸಿದರು. “ಇಲ್ಲೇ ನಿಂತ್ಕೊಂಡ್ರು ಮೂರು ಜನಾನೂ. ಒಬ್ರು ಎಡಕ್ಕೆ ಅಂದ್ರು, ಒಬ್ರು ಬಲಕ್ಕೆ ಅಂದ್ರು, ನಮ್ಮನೆಯವರು ನೇರ ಅಂದ್ರು. ಮೂರು ಜನಾನೂ ಡಾಕ್ಟ್ರು. ದಾರೀಲಿ ಹೋಗೋರನ್ನ ಕೇಳ್ತಾರಾ? ಅರ್ಧ ಗಂಟೆ ಜಗಳ. ಹುಳಿ ಆರಿಹೋಗ್ತಾ ಇತ್ತು. ಅಷ್ಟರಲ್ಲಿ ಬಸ್ ಬಂತು. ನಾವು ಮೂರು ಹೆಂಗಸ್ರೂ ಗಣಪನ್ನ, ಕಡುಬನ್ನ, ಹುಳಿ ಪಾತ್ರೇನ ಇಳಿಸ್ಕೊಂಡು ಹತ್ತಿಬಿಟ್ವಿ. ಗಾಡಿಗೆ ಬೆಡ್‌ಶೀಟ್ ಹಾಗೇ ಹೊದಿಸಿದ್ವಿ. ಅವರಿಗೆ ಗೊತ್ತೂ ಆಗ್ಲಿಲ್ಲ.”

“ಗಣಪನ್ನ ಬಸ್ಸಲ್ಲಾ?” ಅಂತ ಅಧ್ಯಕ್ಷರು ಬಾಯಿ ಬಿಟ್ಟರು.

“ಮತ್ತೆ? ಮೈಸೂರಿಂದ ಇಲ್ಲೀವರೆಗೂ ನನ್ನ ಮಡಿಲಲ್ಲೇ ಬಂದಿದ್ದೋನು, ಗಾಡೀಲಿ ಕುಲುಕಾಡ್ಕೊಂಡು ಯಾಕೆ ಬರ್ಬೇಕು? ಕಂಡಕ್ಟರು ಅವನ್ನ ನೋಡಿ, ‘ಈ ಮಗುವಿಗೆ ಐದು ವರ್ಷ ತುಂಬಿದೆಯಾ?’ ಅಂದ. ಇನ್ನೂ ಇಲ್ಲ ಅಂದೆ. ‘ಹಾಗಾದ್ರೆ ಟಿಕೆಟ್ ಬೇಡ’ ಅಂತ ಸೊಂಡಿಲು ನೇವರಿಸಿ ಮುಂದೆ ಹೋದ.”

ಮಕ್ಕಳು ಫುಟ್‌ಪಾತಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಕಳಿಕೆಯ ಗೀಟು ನಿಂತುಹೋಗಿತ್ತು. “ಆಮೇಲೆ ಅಜ್ಜಿ? ಆಮೇಲೆ?”

“ಆಮೇಲೇನು, ಪೂಜೆ ಮಾಡಿ ಊಟ ಮಾಡಿದ್ವಿ. ಮೂರು ಗಂಟೆ ಹೊತ್ತು ಕಳೆದ್ಮೇಲೆ ಬಂದ್ರು, ಬೆವರು ಸುರಿಸ್ಕೊಂಡು, ಖಾಲಿ ಗಾಡಿ ಎಳ್ಕೊಂಡು. ಬಾಗಿಲಲ್ಲಿ ಯಾರೋ ಫೋಟೊ ತೆಗೆದ್ರು. ಊಟ ಮುಗಿದಿತ್ತು.”

ನಮ್ಮ ಮನೆಯವರು ಭಾಷಣದ ಹಾಳೆ ಹಿಡಿದು ಹಾಗೇ ನಿಂತಿದ್ದರು. ಆರು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಕತೆ. ನನಗೆ ನಗುವೂ ಬಂತು, ಅವರ ಮುಖ ನೋಡಿ ಅಳುವೂ ಬಂತು. ಅವರು ಮೆಲ್ಲಗೆ ಕೇಳಿದರು. “ಅಮ್ಮಾ, ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

ಅಜ್ಜಿ ನಕ್ಕರು. “ಅದನ್ನ ಹೇಳೋವಾಗ ನಮ್ಮನೆಯವರ ಮುಖ ಎಷ್ಟು ಅರಳ್ತಿತ್ತು ಗೊತ್ತಾ? ಮೊದಲನೇ ವರ್ಷ ಬರೀ ಚಳಿ ಅಂದ್ರು. ಆಮೇಲೆ ಪಾದದವರೆಗೂ ಹಿಮ ಬಂತು. ಆಮೇಲೆ ಮೊಣಕಾಲಿಗೆ ಬಂತು. ಅಷ್ಟು ಸಂತೋಷವಾಗಿ ಬೀಳ್ತಿದ್ದ ಹಿಮಾನ ನಾನ್ಯಾಕೆ ಕರಗಿಸ್ಲಿ? ಈಗ ಅವರೂ ಇಲ್ಲ, ಗಾಡೀನೂ ನಿಲ್ಲುತ್ತಂತೆ. ಯಾರಿಗಾದ್ರೂ ಗೊತ್ತಿರ್ಲಿ ಅಂತ ಹೇಳಿದೆ.”

ಕನ್ನಡಕದ ಹುಡುಗಿ ನಮ್ಮವರ ಎದುರು ಬಂದು ನಿಂತಳು. “ಅಂಕಲ್, ಹಿಸ್ಟರಿಯಲ್ಲಿ ಹೇಗಾಯ್ತೋ ಹಾಗೇ ಮಾಡಬೇಕು. ದಟ್ಸ್ ಯುವರ್ ರೂಲ್, ರೈಟ್?”

“ಹೌದು,” ಅಂದರು ನಮ್ಮವರು, ಏನೂ ತಿಳಿಯದೆ.

ಬಸ್ ಬಂತು. ಹತ್ತು ಹುಡುಗಿಯರು ಗಣಪನನ್ನು, ಕಡುಬಿನ ಡಬ್ಬಿಯನ್ನು, ಹುಳಿ ಪಾತ್ರೆಯನ್ನು ಎತ್ತಿಕೊಂಡು, ಖಾಲಿ ಗಾಡಿಗೆ ಬೆಡ್‌ಶೀಟ್ ಹೊದಿಸಿದರು. ವ್ಹೀಲ್‌ಚೇರು ತಳ್ಳಿಕೊಂಡು, ಫೋನಿನ ಡಬ್ಬಿ ಹಿಡಿದುಕೊಂಡು ನಾನೂ ಹತ್ತಿದೆ. ಕಂಡಕ್ಟರ್ ಈಗೆಲ್ಲಿ ಬರಬೇಕು? ಅಜ್ಜಿ ಮಡಿಲಲ್ಲಿದ್ದ ಗಣಪನನ್ನು ಡ್ರೈವರಿಗೇ ತೋರಿಸಿ, “ಸ್ಟಿಲ್ ಅಂಡರ್ ಫೈವ್,” ಅಂದರು. ಬಾಗಿಲು ಮುಚ್ಚಿತು. ಕಿಟಕಿಯಿಂದ ನೋಡಿದರೆ ಎಂಟು ಹುಡುಗರು, ಒಬ್ಬ ಅಧ್ಯಕ್ಷ, ಒಬ್ಬ ಅರಿವಳಿಕೆ ಡಾಕ್ಟರು ಖಾಲಿ ಗಾಡಿಯ ಸುತ್ತ ನಿಂತಿದ್ದರು.

ಅವರು ಹಾಲ್ ತಲುಪಿದ್ದು ನಮಗಿಂತ ಎರಡು ಗಂಟೆ ತಡವಾಗಿ. ಆಮೇಲೆ ಹುಡುಗರು ಹೇಳಿದರು, ಅಧ್ಯಕ್ಷರು ಎಡಕ್ಕೆ ಅಂದರಂತೆ, ನಮ್ಮವರು ನೇರ ಅಂದರಂತೆ. ಯಾರನ್ನಾದರೂ ಕೇಳೋಣ ಅಂದರೆ ಇಬ್ಬರೂ ಒಪ್ಪಲಿಲ್ಲವಂತೆ. ಫೋನು ನೋಡೋಣ ಅಂದರೆ ಡಬ್ಬಿ ನನ್ನ ಹತ್ತಿರ. ಇಬ್ಬರೂ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಾಗ ಹುಡುಗಿಯರು ಅವರನ್ನೂ ಗಾಡಿಯನ್ನೂ ಗೋಡೆಯ ಮೇಲಿನ ಹಳೆಯ ಫೋಟೊದ ಪಕ್ಕದಲ್ಲೇ ನಿಲ್ಲಿಸಿ ಫೋಟೊ ತೆಗೆದರು. ಒಬ್ಬರು ಕಡಿಮೆ ಅನ್ನುವುದು ಬಿಟ್ಟರೆ, ಬೆಡ್‌ಶೀಟಿನ ಸಮೇತ ಏನೂ ವ್ಯತ್ಯಾಸ ಇರಲಿಲ್ಲ.

ಅಧ್ಯಕ್ಷರು ಏದುಸಿರು ಬಿಡುತ್ತ ಕೇಳಿದರು. “ಮುಂದಿನ ವರ್ಷ ಇದು ಬೇಕು ಅನ್ನೋರು ಎಷ್ಟು ಜನ?”

ಹದಿನೆಂಟು ಮಕ್ಕಳೂ ಕೈ ಎತ್ತಿದರು. ಹುಡುಗರು ಎರಡೆರಡು ಕೈ ಎತ್ತಿ, “ಬಟ್ ವಿ ಟೇಕ್ ದಿ ಬಸ್!” ಅಂತ ಕೂಗಿದರು. ಹುಡುಗಿಯರು, “ನೋ ಚಾನ್ಸ್!” ಅಂತ ಕೂಗಿದರು. ಅಜ್ಜಿಯ ಕೈಯೂ ಮೇಲಿತ್ತು. ಅಧ್ಯಕ್ಷರ ಕೈಯೂ ಮೇಲಿತ್ತು. ಅದು ಒಪ್ಪಿಗೆಗೋ, ನೀರು ಬೇಕು ಅಂತಲೋ ತಿಳಿಯಲಿಲ್ಲ. ಸುಮ್ಮನೆ ಲೆಕ್ಕಕ್ಕೆ ಸೇರಿಸಿಕೊಂಡೆ.

ಹುಡುಗರಿಗೆ ಅಂತ ಎತ್ತಿಟ್ಟಿದ್ದ ಕಡುಬುಗಳನ್ನು ಅವರು ಎರಡು ನಿಮಿಷದಲ್ಲಿ ಮುಗಿಸಿದರು. ನಮ್ಮ ಮನೆಯವರು ಎಲ್ಲರ ಬೆನ್ನು ತಟ್ಟಿ, ಕಣ್ಣೊರೆಸಿಕೊಂಡು, ಕೊನೆಗೆ ಅಡುಗೆಮನೆಗೆ ಬಂದರು. ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಹುಳಿ ಪಾತ್ರೆ ಬರಿದು. ಕಡುಬಿನ ಡಬ್ಬಿ ಬರಿದು.

“ಏನೇ ಇದು? ನನಗೆ ಒಂದು ಕಡುಬೂ ಉಳಿಸಲಿಲ್ವಾ?”

ಆರು ವರ್ಷದಿಂದ ಕಾಯುತ್ತಿದ್ದೆ.

“ಇತಿಹಾಸದಾಗ ಇರಲಿಲ್ರೀ,” ಅಂದೆ.